ಖಾಸಗಿ ಸಂಘಸಂಸ್ಥೆಗಳ ಕಾಗದಪತ್ರಗಳು ಸಾರ್ವಜನಿಕವೆ? ಹೊನ್ನಾಳಿ ಸೀಮೆಯಿಂದ ನೋಡಿದ ಒಂದು ಚರಿತ್ರೆ

ಹಳೆಯ ಹೊನ್ನಾಳಿ ಸೀಮೆಯಲ್ಲಿ ಗೋವಿನಕೋವಿ ಎಂಬ ಗ್ರಾಮವಿದೆ. ಇಂಥ ಊರೊಂದರ ಚರಿತ್ರೆಯನ್ನು ಬರೆಯಹೊರಟ ವಿದ್ಯಾರ್ಥಿಗಳು ಎರಡು ಬಗೆಯ ಕಾಗದಗಳನ್ನು ಅರಸಬೇಕಾಗುತ್ತದೆ. ಮೊದಲನೆಯವು ಸರ್ಕಾರದವು: ಪಹಣಿ, ಖಾತೆ, ಜಮಾಬಂದಿಯ ಲೆಕ್ಕ, ಪಂಚಾಯಿತಿಯ ನಡವಳಿ. ಎರಡನೆಯವು ಊರವರೇ ಕೂಡಿ ಕಟ್ಟಿಕೊಂಡ ಸಂಸ್ಥೆಗಳವು: ಶಾಲೆಯನ್ನು ನಡೆಸುವ ವಿದ್ಯಾಸಂಸ್ಥೆ, ದೇವಸ್ಥಾನದ ಸಮಿತಿ, ಸಹಕಾರ ಸಂಘ, ಯುವಕ ಸಂಘ, ಮಠದ ದಾಸೋಹ. ಕರ್ನಾಟಕದ ಯಾವ ಹೋಬಳಿಗೆ ಹೋದರೂ ಇವುಗಳಲ್ಲಿ ಕೆಲವಾದರೂ ಇದ್ದೇ ಇರುತ್ತವೆ. ಮೊದಲ ಬಗೆಯ ಕಾಗದಗಳನ್ನು ಕೇಳಲು ನಾಗರಿಕನಿಗೆ ಹಕ್ಕುಂಟು, ಎರಡನೆಯ ಬಗೆಯವನ್ನು ಬೇಡಬಹುದೇ ಹೊರತು ಕೇಳಲು ಹಕ್ಕಿಲ್ಲ ಎಂಬುದು ರೂಢಿಯ ತಿಳಿವಳಿಕೆ. ಈ ತಿಳಿವಳಿಕೆಯು ಅರ್ಧ ಮಾತ್ರ ನಿಜವೆಂದು ತೋರಿಸುವುದೂ, ಉಳಿದ ಅರ್ಧವು ಏಕೆ ಮರೆತುಹೋಯಿತೆಂದು ವಿಚಾರಿಸುವುದೂ ಈ ಲೇಖನದ ಉದ್ದೇಶ.

ವಿಷಯವು ನ್ಯಾಯಶಾಸ್ತ್ರದ್ದಲ್ಲವೆ, ಚರಿತ್ರೆಕಾರರಿಗೆ ಇದರಲ್ಲೇನು ಕೆಲಸ ಎಂದು ಕೆಲವರು ಕೇಳಬಹುದು. ಕಳೆದ ನೂರು ನೂರೈವತ್ತು ವರ್ಷಗಳಲ್ಲಿ ನಮ್ಮ ಗ್ರಾಮಜೀವನದ ಮುಖ್ಯ ಕಾರ್ಯಗಳಲ್ಲಿ ಬಹುಭಾಗವು, ವಿದ್ಯೆ, ಸಾಲ, ವೈದ್ಯ, ಉತ್ಸವ, ಅನ್ನದಾನ ಇವೆಲ್ಲವೂ, ಸರ್ಕಾರದ ಕೈಯಿಂದಲ್ಲದೆ ಇಂಥ ಸಂಸ್ಥೆಗಳ ಕೈಯಿಂದ ನಡೆದಿವೆ. ೧೮೯೦ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವನ್ನಾಗಲಿ, ೧೯೧೫ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತನ್ನಾಗಲಿ, ೧೯೧೬ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನಾಗಲಿ ಬಿಟ್ಟು ಕನ್ನಡ ನಾಡಿನ ಚರಿತ್ರೆಯನ್ನು ಬರೆಯುವುದು ಹೇಗೆ? ಆದುದರಿಂದ ಇವುಗಳ ಮತ್ತು ಇವುಗಳಿಗಿಂತ ಸಾವಿರ ಪಾಲು ಚಿಕ್ಕವಾದ ಹಳ್ಳಿಯ ಸಂಘಗಳ ಕಾಗದಗಳು ಯಾರವು ಎಂಬ ಪ್ರಶ್ನೆಯು ನಮ್ಮ ಸಾಮಗ್ರಿಯ ಪ್ರಶ್ನೆಯೇ ಆಗಿದೆ.

ಮೊದಲು ಹಳೆಯ ಕಾಲವನ್ನು ನೋಡೋಣ. ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟವು ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು ಒಳಗೊಂಡಿದೆ. ಈ ಸೀಮೆಯ ಚರಿತ್ರೆಗೆ ಅದೇ ಆಧಾರಗ್ರಂಥ. ಇಂಥ ಸಂಪುಟಗಳಲ್ಲಿ ಕಾಣುವ ದಾನಶಾಸನಗಳ ಸ್ವರೂಪವನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ದಾನಿಯ ಹೆಸರು, ದಾನ ಪಡೆದವರ ಹೆಸರು, ಭೂಮಿಯ ಪ್ರಮಾಣ, ನಾಲ್ಕು ದಿಕ್ಕಿನ ಎಲ್ಲೆ, ಅದರ ಉತ್ಪತ್ತಿಯು ದೀಪಕ್ಕೆಷ್ಟು, ನೈವೇದ್ಯಕ್ಕೆಷ್ಟು, ತಪಸ್ವಿಗಳ ಆಹಾರಕ್ಕೆಷ್ಟು ಎಂಬ ವಿವರ, ಸಾಕ್ಷಿಗಳು, ಕೊನೆಗೆ ಈ ಧರ್ಮವನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪ. ದಾನಿಯು ರಾಜನೇ ಆಗಿರಬೇಕಾಗಿಲ್ಲ. ಗಾವುಂಡನೋ ಸೆಟ್ಟಿಯೋ ಕೊಟ್ಟುದಾದರೂ ಬರವಣಿಗೆಯ ಕ್ರಮವು ಹೆಚ್ಚು ಕಡಮೆ ಇದೇ.

ಇಲ್ಲಿ ಗಮನಿಸಬೇಕಾದುದು ಕಲ್ಲು ನಿಂತ ಸ್ಥಳವನ್ನು. ಖಾಸಗಿಯವನೊಬ್ಬನು ತನ್ನ ಸ್ವತ್ತಿನಿಂದ ಮಾಡಿದ ದಾನದ ಪತ್ರವನ್ನು ಮನೆಯ ಪೆಟ್ಟಿಗೆಯಲ್ಲಿಡದೆ ದೇವಾಲಯದ ಮುಂದೆಯೋ ಕೆರೆಯ ಏರಿಯ ಮೇಲೆಯೋ, ದಾನದ ಹೊಲದ ಅಂಚಿನಲ್ಲಿಯೋ ನೆಟ್ಟರು. ಓದು ಬಾರದವನಿಗೂ ಅರ್ಥವಾಗಲೆಂದು ಮೇಲೆ ಸೂರ್ಯಚಂದ್ರರನ್ನೂ ಲಿಂಗವನ್ನೂ ಆಕಳು ಕರುವನ್ನೂ ಕೊರೆದರು. ಧರ್ಮವು ಕೊಟ್ಟವನ ಕೈಬಿಟ್ಟ ಬಳಿಕ ಊರಿನ ಕಣ್ಣಿನ ಕಾವಲಿಗೆ ಸೇರಿತೆಂಬುದೇ ಇದರ ಅರ್ಥವೆಂದು ನಾವು ತಿಳಿಯುತ್ತೇವೆ. ದಾಖಲೆಯನ್ನು ಸಾರ್ವಜನಿಕಗೊಳಿಸಿದುದು ಸರ್ಕಾರದ ಹಣವಲ್ಲ, ದಾನದ ಉದ್ದೇಶ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತು ನಮ್ಮಲ್ಲಿ ಉಂಟು, ನಿಜ. ಆದರೆ ಅದು ಕೊಡುವವನ ವಿನಯಕ್ಕೆ ಸಂಬಂಧಪಟ್ಟ ಮಾತು. ಧರ್ಮದ ಭೂಮಿಯನ್ನು ನೋಡಿಕೊಳ್ಳುವವನು ಆ ಮಾತನ್ನು ತನ್ನ ಲೆಕ್ಕದ ಪುಸ್ತಕಕ್ಕೆ ಹಚ್ಚಿಕೊಳ್ಳಲಾರ.

ಕಲ್ಲಿನಿಂದ ಕಡತಕ್ಕೆ ಬಂದಾಗ ಸ್ಥಿತಿಯು ಬದಲಾಯಿತು. ಕಡತವನ್ನೂ ತಾಮ್ರಪಟವನ್ನೂ ಒಳಗಿಟ್ಟು ಬೀಗ ಹಾಕಬಹುದು. ೧೯೧೬ರಲ್ಲಿ ಮೈಸೂರು ಪ್ರಾಕ್ತನಶಾಸ್ತ್ರ ಇಲಾಖೆಯ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದ ಕಾಗದಗಳನ್ನು ಪರಿಶೀಲಿಸಿದಾಗ ಟಿಪ್ಪು ಸುಲ್ತಾನನು ಅಲ್ಲಿಯ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಯಿಸಿದ್ದ ಸುಮಾರು ೩೦ ಪತ್ರಗಳು ಬೆಳಕಿಗೆ ಬಂದವು. ೧೭೯೧ರಲ್ಲಿ ಪರಶುರಾಮಭಾವುವಿನ ದಂಡು ಬಂದಾಗ ಮಠವು ಲೂಟಿಯಾದ ಸಂಗತಿಯೂ, ಬಳಿಕ ಸುಲ್ತಾನನು ದೇವತೆಯ ಪುನಃಪ್ರತಿಷ್ಠೆಗೆ ನೆರವು ಕಳುಹಿಸಿದ ಸಂಗತಿಯೂ ಅವುಗಳಿಂದ ತಿಳಿಯುತ್ತವೆ. ಒಂದು ಕಾಲದ ರಾಜನೀತಿಯನ್ನು ಕುರಿತ ನಮ್ಮ ಅಭಿಪ್ರಾಯವನ್ನೇ ಈ ಪತ್ರಗಳು ಬದಲಾಯಿಸಿದವು. ಅವು ಸುಮಾರು ೧೨೫ ವರ್ಷ ಮಠದಲ್ಲಿಯೇ ಇದ್ದುವು. ಅವುಗಳನ್ನು ಕಾಪಾಡಿದುದು ಮಠ, ತೋರಿಸಿದುದೂ ಮಠ. ತೋರಿಸುವುದಿಲ್ಲವೆಂದಿದ್ದರೆ ಚರಿತ್ರೆಕಾರನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಖಾಸಗಿ ಸಂಸ್ಥೆಗಳೆಲ್ಲ ದಾಖಲೆಗಳಿಗೆ ಶತ್ರುಗಳೆಂಬಂತೆ ಮಾತನಾಡುವವರು ಈ ಉದಾಹರಣೆಯನ್ನು ನೆನೆಯುವುದು ಒಳ್ಳೆಯದು. ಸರ್ಕಾರಿ ಕಚೇರಿಯಲ್ಲಿ ಆ ಪತ್ರಗಳು ಅಷ್ಟು ಕಾಲ ಉಳಿಯುತ್ತಿದ್ದುವೆಂದು ಯಾರು ಹೇಳಬಲ್ಲರು?

ದೇವಸ್ಥಾನಗಳ ವಿಷಯದಲ್ಲಿ ಮೈಸೂರು ಸರ್ಕಾರವು ಮುಜರಾಯಿ ಇಲಾಖೆಯ ಮೂಲಕ ಲೆಕ್ಕಪತ್ರವನ್ನು ತನ್ನ ಕಣ್ಣಿನ ಕೆಳಗೆ ತಂದುಕೊಂಡಿತು; ೧೯೨೭ರ ಧಾರ್ಮಿಕ ಮತ್ತು ಧರ್ಮಾದಾಯ ಸಂಸ್ಥೆಗಳ ಕಾಯಿದೆಯು ಇದಕ್ಕೆ ಶಾಸನರೂಪವನ್ನು ಕೊಟ್ಟಿತು. ಆ ಕಥೆ ಬೇರೆ, ದೀರ್ಘವಾದುದು. ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದುದು ಸಂಘಗಳ ನೋಂದಣಿಯ ಚರಿತ್ರೆ.

ಬ್ರಿಟಿಷ್ ಇಂಡಿಯಾದಲ್ಲಿ ೧೮೬೦ರ ೨೧ನೆಯ ಕಾಯಿದೆಯು ಸಾಹಿತ್ಯ, ವಿಜ್ಞಾನ, ಧರ್ಮಕಾರ್ಯಗಳಿಗಾಗಿ ಏಳು ಮಂದಿ ಅಥವಾ ಹೆಚ್ಚು ಜನ ಕೂಡಿ ಸಂಘವನ್ನು ನೋಂದಾಯಿಸಲು ಅವಕಾಶ ಕೊಟ್ಟಿತು. ಇದರ ೧೯ನೆಯ ಪ್ರಕರಣವನ್ನು ನಮ್ಮವರು ಓದುವುದು ಅಪರೂಪ. ನೋಂದಣಿ ಅಧಿಕಾರಿಯಲ್ಲಿ ಸಲ್ಲಿಸಿದ ಕಾಗದಗಳನ್ನು ಯಾರು ಬೇಕಾದರೂ ಒಂದು ರೂಪಾಯಿ ಶುಲ್ಕ ತೆತ್ತು ನೋಡಬಹುದೆಂದೂ, ಪ್ರತಿಯನ್ನು ಪಡೆಯಬಹುದೆಂದೂ ಅದು ಹೇಳುತ್ತದೆ. ‘ಯಾರು ಬೇಕಾದರೂ’ ಎಂಬುದು ಮುಖ್ಯ. ಸಂಘದ ಸದಸ್ಯನಾಗಿರಬೇಕಿಲ್ಲ, ಕಾರಣವನ್ನು ಹೇಳಬೇಕಿಲ್ಲ, ಸಂಘವು ಸರ್ಕಾರದಿಂದ ಬಿಡಿಕಾಸನ್ನು ಪಡೆದಿರಬೇಕೆಂಬ ನಿಯಮವೂ ಇಲ್ಲ. ಸರ್ಕಾರಿ ಕಾಗದಗಳನ್ನು ಪ್ರಜೆಗಳು ಕೇಳಿ ಪಡೆಯುವ ಸಾಮಾನ್ಯ ಹಕ್ಕು ಈ ದೇಶದಲ್ಲಿ ಹುಟ್ಟುವುದಕ್ಕೆ ಸುಮಾರು ೧೪೦ ವರ್ಷ ಮೊದಲೇ ಖಾಸಗಿ ಸಂಘಗಳ ಕೆಲವು ಕಾಗದಗಳನ್ನು ಕೇಳುವ ಹಕ್ಕು ಹುಟ್ಟಿತ್ತೆಂಬುದು ವಿಚಿತ್ರವಾದರೂ ನಿಜ. ಪರಕೀಯ ಸರ್ಕಾರವು ತನ್ನ ಕಪಾಟಿಗೆ ಬೀಗ ಹಾಕಿಕೊಂಡು ಪ್ರಜೆಗಳ ಕಪಾಟನ್ನು ತೆರೆಸಿತೆಂದು ವ್ಯಂಗ್ಯವಾಗಿಯೂ ಹೇಳಬಹುದು. ಆದರೂ ತತ್ತ್ವವು ಒಪ್ಪತಕ್ಕದ್ದೇ. ಕಾನೂನಿನಿಂದ ಒಂದು ಹೆಸರನ್ನೂ ಆಸ್ತಿ ಹೊಂದುವ ಯೋಗ್ಯತೆಯನ್ನೂ ಪಡೆದ ಸಂಘವು ಅದಕ್ಕೆ ಪ್ರತಿಯಾಗಿ ತನ್ನ ನಿಯಮಾವಳಿಯನ್ನೂ ಆಡಳಿತಗಾರರ ಹೆಸರುಗಳನ್ನೂ ಲೋಕದ ಮುಂದಿಡಬೇಕು.

ಮೈಸೂರು ಸಂಸ್ಥಾನದಲ್ಲಿ ಸಂಘಗಳ ನೋಂದಣಿಗೆ ೧೯೦೪ರಲ್ಲಿ ಪ್ರತ್ಯೇಕ ಶಾಸನವಾಯಿತು. ಹೊನ್ನಾಳಿ ಸೀಮೆಯು ಮೈಸೂರಿನದಾದುದರಿಂದ ಇಲ್ಲಿಯ ಹಳೆಯ ಸಂಘಗಳ ನೋಂದಣಿಯನ್ನು ಆ ಶಾಸನದ ಕೆಳಗೆ ಹುಡುಕಬೇಕು. ೧೯೫೬ರಲ್ಲಿ ಕನ್ನಡ ಪ್ರದೇಶಗಳು ಒಂದಾದಾಗ ಮುಂಬಯಿ, ಮದರಾಸು, ಹೈದರಾಬಾದು, ಕೊಡಗು, ಮೈಸೂರುಗಳಿಂದ ಬಂದ ಭಾಗಗಳಲ್ಲಿ ಬೇರೆ ಬೇರೆ ಶಾಸನಗಳಿದ್ದುವು. ಅವುಗಳ ಸ್ಥಾನದಲ್ಲಿ ೧೯೬೦ರ ೧೭ನೆಯ ಕಾಯಿದೆಯು ಬಂದಿತು. ರಾಜ್ಯದ ಹೆಸರು ಆಗ ಮೈಸೂರು ಎಂದೇ ಇದ್ದಿತು. ಈ ಕಾಯಿದೆಯಂತೆ ಸಂಘವು ವರ್ಷಕ್ಕೊಮ್ಮೆ ಆಡಳಿತ ಮಂಡಳಿಯವರ ಪಟ್ಟಿಯನ್ನೂ ತಪಾಸಣೆಯಾದ ಲೆಕ್ಕವನ್ನೂ ನೋಂದಣಿ ಅಧಿಕಾರಿಗೆ ಸಲ್ಲಿಸಬೇಕು. ೨೫ನೆಯ ಪ್ರಕರಣವು ಸಂಘದ ರಚನೆ, ಕಾರ್ಯ, ಹಣಕಾಸಿನ ಸ್ಥಿತಿಗಳನ್ನು ಕುರಿತು ವಿಚಾರಣೆ ನಡೆಸುವ ಅಧಿಕಾರವನ್ನು ಆ ಅಧಿಕಾರಿಗೆ ಕೊಟ್ಟಿದೆ.

ವಿಶ್ವಸ್ತ ಸಂಸ್ಥೆಗಳ, ಎಂದರೆ ಟ್ರಸ್ಟುಗಳ, ಗತಿ ಇಷ್ಟು ಚೆನ್ನಾಗಿಲ್ಲ. ಮುಂಬಯಿ ಪ್ರಾಂತದಲ್ಲಿ ೧೯೫೦ರ ಸಾರ್ವಜನಿಕ ಟ್ರಸ್ಟುಗಳ ಕಾಯಿದೆಯು ಧರ್ಮಾದಾಯ ಕಮಿಷನರನನ್ನೂ ಒಂದು ನೋಂದಣಿ ಪುಸ್ತಕವನ್ನೂ ಏರ್ಪಡಿಸಿತು. ಅಂದು ಆ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ ಇದು ಅನ್ವಯಿಸಿತು. ಹಳೆಯ ಮೈಸೂರಿನಲ್ಲಿ ಎಲ್ಲ ಧರ್ಮಾದಾಯ ಟ್ರಸ್ಟುಗಳನ್ನೂ ಒಳಗೊಳ್ಳುವ ಅಂಥ ಪುಸ್ತಕವು ಏರ್ಪಡಲಿಲ್ಲ. ಆದುದರಿಂದ ಒಂದೇ ಭಾಷೆಯ, ಒಂದೇ ರಾಜ್ಯದ ಇಬ್ಬರು ಸಂಶೋಧಕರಲ್ಲಿ ಧಾರವಾಡದವನಿಗೆ ದೊರೆಯುತ್ತಿದ್ದ ಸೌಕರ್ಯವು ಹೊನ್ನಾಳಿಯವನಿಗೆ ದೊರೆಯುತ್ತಿರಲಿಲ್ಲ. ತುಂಗಭದ್ರೆಯನ್ನು ದಾಟಿದ ಮಾತ್ರಕ್ಕೆ ಧರ್ಮವು ಖಾಸಗಿಯಾಗಿ ಬಿಡುತ್ತದೆಯೆ?

ಇನ್ನು ನಮ್ಮ ಕಾಲಕ್ಕೆ ಬರೋಣ. ತಮಿಳುನಾಡು, ಗೋವೆಗಳು ೧೯೯೭ರಲ್ಲಿಯೂ ಕರ್ನಾಟಕವು ೨೦೦೦ದಲ್ಲಿಯೂ ಮಾಹಿತಿ ಹಕ್ಕನ್ನು ಕುರಿತು ತಮ್ಮವೇ ಆದ ಕಾಯಿದೆಗಳನ್ನು ಮಾಡಿದುವು. ೨೦೦೫ರಲ್ಲಿ ಸಂಸತ್ತಿನ ಕಾಯಿದೆಯು ಬಂದು ಅದೇ ವರ್ಷ ಅಕ್ಟೋಬರ್ ೧೨ರಂದು ಪೂರ್ಣವಾಗಿ ಜಾರಿಗೆ ಬಂದಿತು. ಅದರ ೨ನೆಯ ಪ್ರಕರಣದ ಎಚ್ ಖಂಡವು ‘ಸಾರ್ವಜನಿಕ ಪ್ರಾಧಿಕಾರ’ವೆಂದರೇನೆಂದು ನಿರೂಪಿಸುತ್ತದೆ. ಸಂವಿಧಾನದಿಂದಲೋ ಶಾಸನದಿಂದಲೋ ಸರ್ಕಾರದ ಆಜ್ಞೆಯಿಂದಲೋ ಸ್ಥಾಪಿತವಾದ ಸಂಸ್ಥೆಗಳಲ್ಲದೆ, ಸರ್ಕಾರದ ಒಡೆತನ ಅಥವಾ ಹತೋಟಿಯಲ್ಲಿರುವ ಸಂಸ್ಥೆಗಳೂ, ಸರ್ಕಾರದ ಹಣದಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಗಣನೀಯ ಪ್ರಮಾಣದಲ್ಲಿ ಪೋಷಿತವಾದ ಸರ್ಕಾರೇತರ ಸಂಸ್ಥೆಗಳೂ ಅದರೊಳಗೆ ಸೇರುತ್ತವೆ. ಹೀಗೆ ಉದ್ದೇಶವೂ ನೋಂದಣಿಯೂ ಹಿಂದೆ ಸರಿದು ಹಣವು ಒರೆಗಲ್ಲಾಯಿತು.

‘ಗಣನೀಯ’ವೆಂದರೆ ಎಷ್ಟು? ಕೇರಳದ ಸಹಕಾರ ಸಂಘಗಳ ರಿಜಿಸ್ಟ್ರಾರರು ೨೦೦೬ರ ಜೂನ್ ೧ರಂದು ಹೊರಡಿಸಿದ ಸುತ್ತೋಲೆಯೊಂದರಲ್ಲಿ ತಮ್ಮ ಕೈಕೆಳಗಿನ ಎಲ್ಲ ಸಹಕಾರ ಸಂಘಗಳೂ ಸಾರ್ವಜನಿಕ ಪ್ರಾಧಿಕಾರಗಳೆಂದಿದ್ದರು. ತಲಪ್ಪಲಂ ಸೇವಾ ಸಹಕಾರ ಬ್ಯಾಂಕಿನ ಮೊಕದ್ದಮೆಯಲ್ಲಿ ೨೦೧೩ರ ಅಕ್ಟೋಬರ್ ೭ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಕೆ. ಎಸ್. ರಾಧಾಕೃಷ್ಣನ್ ಮತ್ತು ಎ. ಕೆ. ಸಿಕ್ರಿ ಇದನ್ನು ಒಪ್ಪಲಿಲ್ಲ. ಶಾಸನದ ಕೆಳಗೆ ನೋಂದಾಯಿತವಾದ ಮಾತ್ರಕ್ಕೆ ಸಂಘವು ಶಾಸನದಿಂದ ಸ್ಥಾಪಿತವಾದಂತಲ್ಲ. ರಿಜಿಸ್ಟ್ರಾರರ ಮೇಲ್ವಿಚಾರಣೆಯು ಹತೋಟಿಯಲ್ಲ. ಆ ಹಣವಿಲ್ಲದಿದ್ದರೆ ಸಂಸ್ಥೆಯು ಬದುಕುವುದೇ ಕಷ್ಟವೆಂಬಷ್ಟು ನೆರವಿದ್ದರೆ ಮಾತ್ರ ಪೋಷಣೆಯು ಗಣನೀಯವಾದುದು. ಹಾಗಿದೆಯೆಂದು ತೋರಿಸುವ ಹೊಣೆ ಕೇಳುವವನದು ಎಂದು ತೀರ್ಪಾಯಿತು. ಶೇಕಡಾ ೯೫ರಷ್ಟು ಅನುದಾನ ಪಡೆಯುವ ವಿದ್ಯಾಸಂಸ್ಥೆಗಳು ಕಾಯಿದೆಯ ವ್ಯಾಪ್ತಿಗೆ ಬರಬಹುದೆಂಬ ಮಾತನ್ನೂ ಅದೇ ತೀರ್ಪು ಹೇಳಿತು. ಮುಂದೆ ೨೦೧೯ರ ಸೆಪ್ಟೆಂಬರ್ ೧೭ರಂದು ಡಿ. ಎ. ವಿ. ಕಾಲೇಜು ಟ್ರಸ್ಟಿನ ಮೊಕದ್ದಮೆಯಲ್ಲಿ ನ್ಯಾಯಮೂರ್ತಿಗಳಾದ ದೀಪಕ್ ಗುಪ್ತ ಮತ್ತು ಅನಿರುದ್ಧ ಬೋಸ್ ಅರ್ಥವನ್ನು ಸ್ವಲ್ಪ ಹಿಗ್ಗಿಸಿದರು. ನೆರವು ಅರ್ಧಕ್ಕಿಂತ ಹೆಚ್ಚಿರಲೇಬೇಕೆಂದಿಲ್ಲ. ಪಟ್ಟಣದಲ್ಲಿ ಪುಕ್ಕಟೆಯಾಗಿಯೋ ಬಹಳ ಸೋವಿಯಾಗಿಯೋ ಕೊಟ್ಟ ನಿವೇಶನವೂ ಗಣನೀಯ ಪೋಷಣೆಯಾಗಬಹುದು. ಕಾಲಮಾನದ ಬೆಲೆಯನ್ನು ನೋಡಿ ಪ್ರತಿಯೊಂದು ಸಂಗತಿಯನ್ನೂ ಪ್ರತ್ಯೇಕವಾಗಿ ತೀರ್ಮಾನಿಸಬೇಕೆಂದರು.

ಇಷ್ಟನ್ನು ಓದಿದವರು ಸಾಮಾನ್ಯವಾಗಿ ಒಂದು ನಿರ್ಣಯಕ್ಕೆ ಬರುತ್ತಾರೆ: ಅನುದಾನಿತ ಶಾಲೆಯ ಕಾಗದ ಸಿಕ್ಕುತ್ತದೆ, ಚಂದಾಹಣದಿಂದ ನಡೆಯುವ ಸಂಘದ್ದು ಸಿಕ್ಕುವುದಿಲ್ಲ. ಇದು ಅವಸರದ ನಿರ್ಣಯವೆಂದು ನಮಗೆ ತೋರುತ್ತದೆ. ಅದೇ ೨ನೆಯ ಪ್ರಕರಣದ ಎಫ್ ಖಂಡವು ‘ಮಾಹಿತಿ’ ಎಂಬ ಪದವನ್ನು ನಿರೂಪಿಸುವಾಗ, ಬೇರೆ ಯಾವುದಾದರೂ ಕಾನೂನಿನ ಮೇರೆಗೆ ಸಾರ್ವಜನಿಕ ಪ್ರಾಧಿಕಾರವು ಪಡೆಯಬಹುದಾದ ಖಾಸಗಿ ಸಂಸ್ಥೆಯ ಮಾಹಿತಿಯನ್ನೂ ಅದರಲ್ಲಿ ಸೇರಿಸಿದೆ. ಸಂಘವು ಪ್ರಾಧಿಕಾರವಲ್ಲದಿರಬಹುದು, ನೋಂದಣಿ ಅಧಿಕಾರಿಯಂತೂ ಪ್ರಾಧಿಕಾರವೇ. ೧೯೬೦ರ ಕಾಯಿದೆಯಂತೆ ಅವನು ಪಡೆದಿರುವ ಕಾಗದವನ್ನೂ, ಆ ಕಾಯಿದೆಯ ಬಲದಿಂದ ತರಿಸಿಕೊಳ್ಳಬಹುದಾದುದನ್ನೂ ಅವನಿಂದ ಕೇಳಬಹುದು. ತಲಪ್ಪಲಂ ತೀರ್ಪು ಸಂಘಗಳನ್ನು ಹೊರಗಿಟ್ಟರೂ ಈ ದಾರಿಯನ್ನು ಮುಚ್ಚಲಿಲ್ಲ. ಶಾಸನವು ಅವಕಾಶ ಕೊಟ್ಟಷ್ಟರ ಮಟ್ಟಿಗೆ ರಿಜಿಸ್ಟ್ರಾರರು ಮಾಹಿತಿಯನ್ನು ತರಿಸಿ ಕೊಡಬೇಕೆಂದು ಸ್ಪಷ್ಟವಾಗಿಯೇ ಹೇಳಿದೆ. ೧೮೬೦ರ ಒಂದು ರೂಪಾಯಿಯ ಬಾಗಿಲೇ ೨೦೦೫ರಲ್ಲಿ ಹೊಸ ಕೀಲಿಯೊಡನೆ ಮತ್ತೆ ತೆರೆಯಿತೆನ್ನಬಹುದು. ಕರ್ನಾಟಕದ ನಿಯಮಗಳಲ್ಲಿ ಅರ್ಜಿಯ ಶುಲ್ಕವು ೧೦ ರೂಪಾಯಿ. ತೀರ್ಪಿನ ಮೊದಲ ಭಾಗವನ್ನು ಎಲ್ಲರೂ ಉದ್ಧರಿಸುತ್ತಾರೆ, ಈ ಭಾಗವನ್ನು ಉದ್ಧರಿಸುವವರು ಕಡಮೆ.

ಹೊರದೇಶಗಳಲ್ಲಿಯೂ ಈ ಗೊಂದಲ ಉಂಟು. ಅಮೆರಿಕದಲ್ಲಿ ೧೯೬೬ರ ಮಾಹಿತಿ ಸ್ವಾತಂತ್ರ್ಯ ಕಾಯಿದೆಯು ಸರ್ಕಾರದ ಕಚೇರಿಗಳಿಗೆ ಮಾತ್ರ ಅನ್ವಯಿಸುತ್ತದೆ. ಸರ್ಕಾರದ ಹಣದಿಂದ ಮಧುಮೇಹವನ್ನು ಕುರಿತು ಸಂಶೋಧನೆ ನಡೆಸಿದ ಖಾಸಗಿ ವೈದ್ಯರ ತಂಡವೊಂದರ ಮೂಲ ಅಂಕಿಅಂಶಗಳನ್ನು ಕೇಳಿದಾಗ, ಕಚೇರಿಯು ಅವುಗಳನ್ನು ತನ್ನ ಕೈಗೆ ತೆಗೆದುಕೊಂಡಿರಲಿಲ್ಲವಾದುದರಿಂದ ಅವು ಸರ್ಕಾರಿ ದಾಖಲೆಗಳಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ೧೯೮೦ರಲ್ಲಿ ತೀರ್ಮಾನಿಸಿತು. ಹಣವು ಸಾಲದು, ಕಾಗದವು ಕಚೇರಿಗೆ ಬಂದಿರಬೇಕು ಎಂದಂತಾಯಿತು. ದಕ್ಷಿಣ ಆಫ್ರಿಕದ ೨೦೦೦ದ ಕಾಯಿದೆಯು ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿಯಿತು. ಕೇಳುವವನು ತನ್ನ ಯಾವುದಾದರೊಂದು ಹಕ್ಕಿನ ಚಲಾವಣೆಗೋ ರಕ್ಷಣೆಗೋ ಬೇಕೆಂದು ತೋರಿಸಿದರೆ ಖಾಸಗಿ ಸಂಸ್ಥೆಯ ದಾಖಲೆಯನ್ನೂ ಪಡೆಯಬಹುದು, ಆ ಸಂಸ್ಥೆಯು ಯಾರ ಹಣದಿಂದ ನಡೆದರೂ ಸರಿಯೆ. ನಮ್ಮ ಶಾಸನವು ಈ ಎರಡರ ನಡುವೆ ನಿಂತಿದೆ.

ಸಂಘಗಳ ಪರವಾದ ವಾದವನ್ನು ಅಲಕ್ಷಿಸಲಾಗದು. ಕೂಡಿ ಸಂಘ ಕಟ್ಟುವ ಸ್ವಾತಂತ್ರ್ಯವು ಸಂವಿಧಾನದ ೧೯ನೆಯ ಅನುಚ್ಛೇದದಲ್ಲಿ ಸೇರಿದೆ. ಹಳ್ಳಿಯ ಸಂಘದ ಕಾರ್ಯದರ್ಶಿಯು ತನ್ನ ಹೊಲದ ಕೆಲಸದ ನಡುವೆ ಲೆಕ್ಕ ಬರೆಯುವವನು. ಅರ್ಜಿಗಳಿಗೆ ೩೦ ದಿನದೊಳಗೆ ಉತ್ತರ ಕೊಡುವ ಭಾರವನ್ನು ಅವನ ಮೇಲೆ ಹೊರಿಸಿದರೆ ನಾಳೆ ಆ ಕೆಲಸಕ್ಕೆ ಯಾರೂ ಮುಂದೆ ಬಾರದಿರಬಹುದು. ಊರಿನ ಕಕ್ಷಿಗಳ ಜಗಳಕ್ಕೆ ಅರ್ಜಿಯು ಆಯುಧವಾಗುವುದೂ ಉಂಟು. ಈ ಮಾತುಗಳಲ್ಲಿ ಸತ್ಯವಿದೆ. ಅದಕ್ಕಾಗಿಯೇ ನೋಂದಣಿ ಕಚೇರಿಯ ದಾರಿಯು ಹೆಚ್ಚು ನ್ಯಾಯವಾದುದೆಂದು ನಾವು ಹೇಳುವುದು. ಅಲ್ಲಿ ಉತ್ತರ ಕೊಡುವವನು ಸಂಬಳ ಪಡೆಯುವ ಅಧಿಕಾರಿಯೇ ಹೊರತು ಸಂಘದ ಕಾರ್ಯದರ್ಶಿಯಲ್ಲ. ಆದರೆ ಸರ್ಕಾರದಿಂದ ಉಪಾಧ್ಯಾಯರ ಸಂಬಳವನ್ನೆಲ್ಲ ಪಡೆದು, ಲೆಕ್ಕ ಕೇಳಿದಾಗ ಮಾತ್ರ ನಾವು ಖಾಸಗಿಯವರೆನ್ನುವ ಸಂಸ್ಥೆಗೆ ಈ ವಾದವು ಸಲ್ಲದು.

ಚರಿತ್ರೆಕಾರರಿಗೆ ಇಲ್ಲಿ ಇನ್ನೊಂದು ಚಿಂತೆಯಿದೆ. ಕಾಗದವನ್ನು ಕೇಳುವ ಹಕ್ಕು ಬೇರೆ, ಕಾಗದವು ಉಳಿಯುವುದು ಬೇರೆ. ದಾಖಲೆಗಳನ್ನು ಪಟ್ಟಿ ಮಾಡಿ ಜೋಡಿಸಿಡಬೇಕೆಂದು ೨೦೦೫ರ ಕಾಯಿದೆಯ ೪ನೆಯ ಪ್ರಕರಣವು ಪ್ರಾಧಿಕಾರಗಳಿಗೆ ಮಾತ್ರ ವಿಧಿಸಿದೆ. ೧೯೯೩ರ ಕೇಂದ್ರ ಸಾರ್ವಜನಿಕ ದಾಖಲೆಗಳ ಕಾಯಿದೆಯು ದಾಖಲೆಗಳ ರಕ್ಷಣೆಗೆ ಸಂಬಂಧಪಟ್ಟುದು. ೩೦ ವರ್ಷ ಮೀರಿ ರಾಷ್ಟ್ರೀಯ ಪತ್ರಾಗಾರಕ್ಕೆ ಬಂದ, ಗೋಪ್ಯವಲ್ಲದ ಕಾಗದಗಳನ್ನು ಸಂಶೋಧಕರು ನೋಡಬಹುದೆಂದು ಅದರ ೧೨ನೆಯ ಪ್ರಕರಣ ಹೇಳುತ್ತದೆ. ಖಾಸಗಿಯವರ ದಾಖಲೆಗಳ ವಿಷಯದಲ್ಲಿ ಅದೇ ಕಾಯಿದೆಯ ೧೧ನೆಯ ಪ್ರಕರಣವು ಹೇಳುವುದಿಷ್ಟೆ: ಮಹತ್ತ್ವದ ದಾಖಲೆಗಳನ್ನು ದಾನವಾಗಿಯೋ ಕ್ರಯಕ್ಕೋ ಮತ್ತಾವ ರೀತಿಯಲ್ಲೋ ಸ್ವೀಕರಿಸಬಹುದು. ಸ್ವೀಕರಿಸಬಹುದು, ಅಷ್ಟೆ. ಕೊಡೆಂದು ಕೇಳುವ, ಕೆಡಿಸಬೇಡವೆಂದು ತಡೆಯುವ ಬಲ ಅದಕ್ಕಿಲ್ಲ. ೧೯೧೬ರಲ್ಲಿ ನರಸಿಂಹಾಚಾರ್ಯರು ಯಾವ ಸ್ಥಿತಿಯಲ್ಲಿ ನಿಂತಿದ್ದರೋ ನಾವೂ ಅದೇ ಸ್ಥಿತಿಯಲ್ಲಿ ನಿಂತಿದ್ದೇವೆ. ಶೃಂಗೇರಿಯಂಥ ಮಠಕ್ಕೆ ಕಡತಗಳನ್ನು ಕಾಪಾಡುವ ಪರಂಪರೆಯಿತ್ತು. ಹಳ್ಳಿಯ ಸಂಘದ ನಡವಳಿ ಪುಸ್ತಕಕ್ಕೆ ಇರುವುದು ಕಾರ್ಯದರ್ಶಿಯ ಮನೆಯ ಟ್ರಂಕು, ಅದರೊಳಗಿನ ಗೆದ್ದಲು.

ಗೋವಿನಕೋವಿಯಂಥ ಊರಿನ ಸಂಘವೊಂದರ ಚರಿತ್ರೆಯನ್ನು ಬರೆಯುವವರು ಹಾಗಾದರೆ ಎಲ್ಲಿಗೆ ಹೋಗಬೇಕು? ಆಡಳಿತದ ಎಲ್ಲೆಗಳು ಬದಲಾದುದನ್ನು ಮೊದಲು ನೆನಪಿನಲ್ಲಿಡಬೇಕು. ದಾವಣಗೆರೆ ಜಿಲ್ಲೆಯು ಹುಟ್ಟಿದುದು ೧೯೯೭ರ ಆಗಸ್ಟ್ ೧೫ರಂದು. ಅದಕ್ಕೆ ಮೊದಲು ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. ಹಳೆಯ ಹೊನ್ನಾಳಿ ತಾಲ್ಲೂಕೇ ಈಚೆಗೆ ಹೊನ್ನಾಳಿ, ನ್ಯಾಮತಿ ಎಂದು ಎರಡಾಗಿದೆ. ಆದುದರಿಂದ ೧೯೯೭ಕ್ಕೆ ಮೊದಲು ನೋಂದಾಯಿತವಾದ ಸಂಘದ ಮೂಲ ಕಾಗದವನ್ನು ದಾವಣಗೆರೆಯಲ್ಲಿ ಕೇಳಿ ‘ಇಲ್ಲ’ವೆಂಬ ಉತ್ತರ ಬಂದರೆ ಕೈಚೆಲ್ಲಬೇಕಾಗಿಲ್ಲ, ಶಿವಮೊಗ್ಗದಲ್ಲಿಯೂ ಕೇಳಿನೋಡಬೇಕು. ಜಗಳೂರಿನವರು ಚಿತ್ರದುರ್ಗದಲ್ಲಿ ಕೇಳಬೇಕು. ಶಾಲೆಗೆ ಅನುದಾನವಿದ್ದರೆ ಅದರ ಆದೇಶಗಳೂ ತಪಾಸಣೆಯ ವರದಿಗಳೂ ಶಿಕ್ಷಣ ಇಲಾಖೆಯ ಕಚೇರಿಯಲ್ಲಿರತಕ್ಕವು, ಅವು ಸಂಘದ ಕಾಗದಗಳಲ್ಲ, ಸರ್ಕಾರದವೇ. ೨೦ ವರ್ಷಕ್ಕಿಂತ ಹಿಂದಿನ ಸಂಗತಿಯಾದರೆ ೨೦೦೫ರ ಕಾಯಿದೆಯ ೮ನೆಯ ಪ್ರಕರಣದ ೩ನೆಯ ಉಪಪ್ರಕರಣದಂತೆ ಬಹುಮಟ್ಟಿನ ವಿನಾಯಿತಿಗಳು ಬಿದ್ದುಹೋಗುತ್ತವೆ. ಕಚೇರಿಯವರು ಮರೆತಿದ್ದರೆ ಅರ್ಜಿಯಲ್ಲಿಯೇ ಅದನ್ನು ಬರೆಯುವುದು ಲೇಸು. ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಪಟ್ಟು ೧೫೦ ಪದಗಳೊಳಗೆ ಇರಬೇಕೆಂಬ ಕರ್ನಾಟಕದ ನಿಯಮವು ಪ್ರಬಂಧ ಬರೆಯುವ ಅಭ್ಯಾಸವಿರುವ ನಮ್ಮಂಥವರಿಗೆ ಸ್ವಲ್ಪ ಕಷ್ಟದ್ದೇ.

ಹೀಗೆ ನಿಯಮಾವಳಿ, ಆಡಳಿತ ಮಂಡಳಿಯ ಪಟ್ಟಿ, ವಾರ್ಷಿಕ ಲೆಕ್ಕ, ಅನುದಾನದ ಆದೇಶ ಇಷ್ಟನ್ನು ಹಕ್ಕಿನಿಂದ ಪಡೆಯಬಹುದು. ಶಾಲೆಗೆ ನೆಲ ಕೊಟ್ಟವರಾರು, ಕೊಡುವಾಗ ಸಭೆಯಲ್ಲಿ ನಡೆದ ಮಾತೇನು, ಕಟ್ಟಡಕ್ಕೆ ಕಲ್ಲು ಹೊತ್ತ ಗಾಡಿಗಳು ಯಾವ ಯಾವ ಹಳ್ಳಿಯಿಂದ ಬಂದುವು ಎಂಬುದೆಲ್ಲ ನಡವಳಿ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಅದಕ್ಕೆ ಇಂದಿಗೂ ಊರಿಗೇ ಹೋಗಿ, ಕಾರ್ಯದರ್ಶಿಯ ಜಗಲಿಯ ಮೇಲೆ ಕುಳಿತು ಕೇಳಬೇಕು.